ವಾಹಕವೋ ಬಂಧಕವೋ: ನ್ಯಾನೊಕಣ, ಮಾಲಿನ್ಯಕಾರಕ ಮತ್ತು ಶ್ವಾಸಕೋಶದ ಜೀವಕೋಶ

ವಿಷವಿಜ್ಞಾನವು ಬಹುಕಾಲ ಒಂದು ವಸ್ತು, ಒಂದು ಪ್ರಮಾಣ, ಒಂದು ಪರಿಣಾಮ ಎಂಬ ಕ್ರಮದಲ್ಲಿ ಯೋಚಿಸುತ್ತ ಬಂದಿದೆ. ಉಸಿರಾಡುವ ಗಾಳಿಗೆ ಈ ಕ್ರಮ ತಿಳಿಯದು. ಕೈಗಾರಿಕೆಯಲ್ಲಿ ತಯಾರಾದ ನ್ಯಾನೊಕಣವು ಹೊಗೆಯ ಮಸಿ, ಭಾರಲೋಹ, ಬೆಂಜೊಪೈರೀನ್‌ನಂತಹ ಹೈಡ್ರೊಕಾರ್ಬನ್‌ಗಳೊಡನೆ ಕೂಡಿಯೇ ಶ್ವಾಸಕೋಶವನ್ನು ಸೇರಬಲ್ಲದು. ಹೀಗೆ ಕೂಡಿದಾಗ ಮಾಲಿನ್ಯಕಾರಕದ ವಿಷತ್ವ ಹೆಚ್ಚುತ್ತದೆಯೇ, ತಗ್ಗುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧನಾ ಸಾಹಿತ್ಯವು ಹಲವೆಡೆ ‘ಟ್ರೋಜನ್ ಕುದುರೆ’ ಎಂಬ ಒಂದೇ ರೂಪಕದಿಂದ ಉತ್ತರಿಸಿದೆ. ಗ್ರೀಕ್ ಸೈನಿಕರನ್ನು ಒಡಲಲ್ಲಿಟ್ಟುಕೊಂಡು ಕೋಟೆ ಹೊಕ್ಕ ಮರದ ಕುದುರೆಯಂತೆ ಕಣವು ವಿಷವನ್ನು ಜೀವಕೋಶದೊಳಕ್ಕೆ ಸಾಗಿಸುತ್ತದೆ ಎಂಬುದು ಇದರ ತಾತ್ಪರ್ಯ. ಈ ರೂಪಕ ಎಷ್ಟನ್ನು ತೋರಿಸುತ್ತದೆ, ಎಷ್ಟನ್ನು ಮರೆಮಾಡುತ್ತದೆ ಎಂಬುದು ವಿಚಾರಾರ್ಹ.

ಸಮಸ್ಯೆಯ ಮೂಲ ಮೇಲ್ಮೈಯಲ್ಲಿದೆ. 1 ಸೆಂ.ಮೀ. ಬದಿಯ ಘನವೊಂದರ ಮೇಲ್ಮೈ 6 ಚದರ ಸೆಂ.ಮೀ. ಮಾತ್ರ; ಅದನ್ನೇ 10 ನ್ಯಾನೊಮೀಟರ್ ಬದಿಯ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 600 ಚದರ ಮೀಟರಿಗೆ ಏರುತ್ತದೆ. ಅಷ್ಟೂ ಹರವು ಅನ್ಯ ಅಣುಗಳನ್ನು ಅಂಟಿಸಿಕೊಳ್ಳಲು, ಅಂದರೆ ಅಧಿಶೋಷಣೆಗೆ, ತೆರೆದಿರುತ್ತದೆ. ಇಂತಹ ಕಣಗಳು ಶ್ವಾಸಕೋಶದ ಆಳದ ಗಾಳಿಚೀಲಗಳವರೆಗೂ ಇಳಿಯಬಲ್ಲವು. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಣ ಪರದೆಯ ದಪ್ಪ ಬಹುಪಾಲು ಒಂದು ಮೈಕ್ರೊಮೀಟರಿಗಿಂತಲೂ ಕಡಿಮೆ.

ರೂಪಕಕ್ಕೆ ಗಟ್ಟಿಯಾದ ಪ್ರಾಯೋಗಿಕ ಆಧಾರ ಒದಗಿದ್ದು 2007ರಲ್ಲಿ. ಜ್ಯೂರಿಕ್‌ನ ಲಿಂಬಾಖ್, ಸ್ಟಾರ್ಕ್ ಮತ್ತು ಸಂಗಡಿಗರು ಮಾನವ ಶ್ವಾಸಕೋಶದ ಅನುಲೇಪಕ ಜೀವಕೋಶಗಳ ಮೇಲೆ ಲೋಹಯುಕ್ತ ನ್ಯಾನೊಕಣಗಳನ್ನು ಪ್ರಯೋಗಿಸಿದರು. ಕೋಬಾಲ್ಟ್ ಮತ್ತು ಮ್ಯಾಂಗನೀಸ್‌ಗಳ ವಿಷಯದಲ್ಲಿ, ಅದೇ ಲೋಹದ ಜಲೀಯ ದ್ರಾವಣಕ್ಕೆ ಹೋಲಿಸಿದರೆ ಕಣರೂಪವು ಎಂಟು ಪಟ್ಟಿನವರೆಗೆ ಹೆಚ್ಚು ಉತ್ಕರ್ಷಣ ಒತ್ತಡವನ್ನು ಉಂಟುಮಾಡಿತು. ದ್ರಾವಣದಲ್ಲಿನ ಲೋಹದ ಅಯಾನನ್ನು ಜೀವಕೋಶದ ಪೊರೆ ತಕ್ಕಮಟ್ಟಿಗೆ ತಡೆಯುತ್ತದೆ. ಕಣವನ್ನಾದರೋ ಜೀವಕೋಶವೇ ಒಳಗೆಳೆದುಕೊಳ್ಳುತ್ತದೆ. ಅಧ್ಯಯನದ ಈ ತರ್ಕ ನಿರ್ವಿವಾದವಾಗಿ ಸೊಗಸಾದುದು.

ಆದರೆ ಇಲ್ಲಿ ಒಳಹೊಕ್ಕ ಲೋಹ ಕಣದ್ದೇ ಅಂಗವಾಗಿತ್ತು, ಹೊರಗಿನಿಂದ ಅಂಟಿಕೊಂಡ ಮಾಲಿನ್ಯಕಾರಕವಲ್ಲ. ಅನಂತರದ ಬರಹಗಳು ಈ ಭೇದವನ್ನು ಸಡಿಲಿಸಿ, ಕಣದ ಸಹವಾಸದಲ್ಲಿ ಹೆಚ್ಚಿದ ಬಗೆಬಗೆಯ ವಿಷತ್ವಕ್ಕೆ ಅದೇ ಹೆಸರನ್ನು ವಿಸ್ತರಿಸಿದವು. ವಸ್ತುತಃ ಕಣವು ವಿಷವನ್ನು ಹೊತ್ತು ತರುವುದು ಒಂದು ಬಗೆ. ಪೊರೆಯನ್ನು ಶಿಥಿಲಗೊಳಿಸಿ ವಿಷಕ್ಕೆ ದಾರಿ ಮಾಡಿಕೊಡುವುದು ಇನ್ನೊಂದು. ಜೀವಕೋಶದ ರಕ್ಷಣಾಶಕ್ತಿಯನ್ನು ಕುಂದಿಸುವುದು ಮತ್ತೊಂದು. ನಾಲ್ಕನೆಯದು ಇವಕ್ಕೆ ವಿರುದ್ಧವಾದುದು: ವಿಷವನ್ನು ಬಿಗಿಯಾಗಿ ಹಿಡಿದಿಟ್ಟು ಜೀವಕೋಶಕ್ಕೆ ದೊರೆಯದಂತೆ ಮಾಡುವುದು. ಕುದುರೆಯ ರೂಪಕದಲ್ಲಿ ಈ ಬಂಧಕ ಕಣಕ್ಕೆ ಸ್ಥಾನವೇ ಇಲ್ಲ.

ಎರಡೂ ಗುಣ ಒಂದೇ ಕಣದಲ್ಲಿರಬಹುದೆಂಬುದಕ್ಕೆ ಪೆರ್ ಯೆರ್ದೆ ಮತ್ತು ಸಂಗಡಿಗರ 2001ರ ಪ್ರಯೋಗ ಸಾಕ್ಷಿ. ಅದು ತಯಾರಿಸಿದ ನ್ಯಾನೊಕಣವನ್ನಲ್ಲ, ಡೀಸೆಲ್ ಮಸಿಯನ್ನು ಕುರಿತದ್ದು. ಆದರೂ ಅದರ ಪಾಠ ಇಲ್ಲಿಗೆ ಸಲ್ಲುತ್ತದೆ. ಮಸಿಗೆ ಅಂಟಿದ ಬೆಂಜೊಪೈರೀನ್‌ನ ಒಂದು ಭಾಗ ನಾಯಿಗಳ ಶ್ವಾಸಕೋಶದಲ್ಲಿ ಬೇಗನೆ ಕಳಚಿ ರಕ್ತ ಸೇರಿತು; ಮತ್ತೊಂದು ಭಾಗ ತಿಂಗಳುಗಳ ಅನಂತರವೂ ಮಸಿಯಲ್ಲೇ ಉಳಿದಿತ್ತು. ಬೆಂಜೊಪೈರೀನ್ ಡಿಎನ್‌ಎಗೆ ಹಾನಿಯೆಸಗುವುದು ಜೀವಕೋಶದ ಕಿಣ್ವಗಳು ಅದನ್ನು ಮಾರ್ಪಡಿಸಿದ ಮೇಲೆಯೇ ಎಂಬುದನ್ನು ನೆನೆದರೆ, ಒಳಸೇರಿದ ಪ್ರಮಾಣವೇ ವಿಷತ್ವದ ಅಳತೆಯಲ್ಲ ಎಂಬುದು ಸ್ಪಷ್ಟ.

ವಿಧಾನದ ತೊಡಕುಗಳೂ ಲಘುವಲ್ಲ. ಹೆಚ್ಚಾಗಿ ಬಳಕೆಯಲ್ಲಿರುವ ಎ549 ಜೀವಕೋಶಗಳು 1972ರಲ್ಲಿ ಶ್ವಾಸಕೋಶದ ಗಂತಿಯೊಂದರಿಂದ ಪಡೆದ ಕ್ಯಾನ್ಸರ್ ಸಂತತಿ. ಆರೋಗ್ಯವಂತ ಗಾಳಿಚೀಲದ ಬಿಗಿಯಾದ ಪರದೆಯನ್ನು ಅವು ಯಥಾವತ್ತಾಗಿ ರಚಿಸಲಾರವು. ಪೋಷಕ ದ್ರವದಲ್ಲಿ ಕಣಗಳು ಮುದ್ದೆಗಟ್ಟುತ್ತವೆ, ಪ್ರೋಟೀನಿನ ಹೊದಿಕೆ ಪಡೆಯುತ್ತವೆ. ಗಾಳಿಯಲ್ಲಿ ತೇಲಿಬಂದ ಕಣದ ಮೇಲ್ಮೈ ಅದಲ್ಲ. ಇನ್ನು ಅಳತೆಗೋಲಿನದೇ ದೋಷ: 2006ರಲ್ಲಿ ಕಾರ್ಲ್ಸ್‌ರೂಹೆಯ ಸಂಶೋಧಕರು ತೋರಿಸಿಕೊಟ್ಟಂತೆ, ಎಂಟಿಟಿ ಪರೀಕ್ಷೆಯಲ್ಲಿ ಉತ್ಪನ್ನವಾಗುವ ಬಣ್ಣಕ್ಕೇ ಕಾರ್ಬನ್ ನ್ಯಾನೊನಳಿಗೆಗಳು ಅಂಟಿಕೊಂಡು, ಬದುಕಿರುವ ಜೀವಕೋಶಗಳು ಸತ್ತಂತೆ ಲೆಕ್ಕಕ್ಕೆ ಬಂದಿದ್ದವು. ಮಾಲಿನ್ಯಕಾರಕವನ್ನು ಅಂಟಿಸಿಕೊಳ್ಳುವ ಗುಣವೇ ಪರೀಕ್ಷೆಯ ಬಣ್ಣವನ್ನೂ ಅಂಟಿಸಿಕೊಂಡರೆ, ಅಧ್ಯಯನದ ವಿಷಯವೇ ಅಧ್ಯಯನದ ಸಾಕ್ಷ್ಯವನ್ನು ಕೆಡಿಸಿದಂತಾಗುತ್ತದೆ.

ಆದ್ದರಿಂದ ಇಂತಹ ಪ್ರಯೋಗದಲ್ಲಿ ನಾಲ್ಕು ಗುಂಪುಗಳು ಅನಿವಾರ್ಯ: ಏನನ್ನೂ ಸೇರಿಸದ ಜೀವಕೋಶ, ಕಣ ಮಾತ್ರ, ಮಾಲಿನ್ಯಕಾರಕ ಮಾತ್ರ, ಎರಡೂ ಕೂಡಿದ್ದು. ಜೊತೆಗೆ ದ್ರವದಲ್ಲಿ ಮುಕ್ತವಾಗಿ ಉಳಿದ, ಕಣಕ್ಕೆ ಅಂಟಿದ, ಜೀವಕೋಶದೊಳಗೆ ಸೇರಿದ ಮಾಲಿನ್ಯಕಾರಕದ ಪ್ರಮಾಣಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಇವಿಲ್ಲದೆ ‘ಪರಸ್ಪರ ವರ್ಧನೆ’ ಎನ್ನುವುದು ಬರಿಯ ಊಹೆ.

ಇದು ಕೇವಲ ಪ್ರಯೋಗಶಾಲೆಯ ಜಿಜ್ಞಾಸೆಯಲ್ಲ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 2011ರಲ್ಲಿ ಕೆಲಸಗಾರರು ಉಸಿರಾಡುವ ಗಾಳಿಯಲ್ಲಿನ ಟೈಟಾನಿಯಂ ಡೈಆಕ್ಸೈಡ್‌ಗೆ ಎರಡು ಮಿತಿಗಳನ್ನು ಶಿಫಾರಸು ಮಾಡಿತು: ಪ್ರತಿ ಘನಮೀಟರಿಗೆ ಸೂಕ್ಷ್ಮಕಣಕ್ಕೆ 2.4, ನ್ಯಾನೊಕಣಕ್ಕೆ 0.3 ಮಿಲಿಗ್ರಾಂ. ಗಾತ್ರ ಮುಖ್ಯವೆಂದು ಅದು ಒಪ್ಪಿತು, ಸಹವಾಸವನ್ನು ಗಣಿಸಲಿಲ್ಲ. ಭಾರತದ 2009ರ ವಾಯು ಗುಣಮಟ್ಟದ ಮಾನಕಗಳು ಪಿಎಂ 2.5ಕ್ಕೆ 40 ಮೈಕ್ರೊಗ್ರಾಂ, ಕಣಕ್ಕೆ ಅಂಟಿದ ಬೆಂಜೊಪೈರೀನ್‌ಗೆ 1 ನ್ಯಾನೊಗ್ರಾಂ ಎಂದು ಪ್ರತಿ ಘನಮೀಟರಿನ ವಾರ್ಷಿಕ ಮಿತಿಗಳನ್ನು ಬೇರೆಬೇರೆಯಾಗಿ ವಿಧಿಸುತ್ತವೆ. ಬೆಂಜೊಪೈರೀನ್ ಯಾವ ಕಣಕ್ಕೆ, ಎಷ್ಟು ಬಿಗಿಯಾಗಿ ಅಂಟಿದೆ ಎಂಬ ಪ್ರಶ್ನೆ ಈ ಅಂಕಿಗಳ ಆಚೆಗೇ ಉಳಿಯುತ್ತದೆ. ವಾಹಕವಾದ ಕಣವನ್ನೂ ಬಂಧಕವಾದ ಕಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಾನಕವು ಕಾರ್ಮಿಕನಿಗೂ ನಗರವಾಸಿಗೂ ಪೂರ್ಣ ರಕ್ಷಣೆ ನೀಡಲಾರದು. ಈ ಎರಡನ್ನು ಬೇರ್ಪಡಿಸಿ ತೋರಿಸುವುದೇ ಈ ಕ್ಷೇತ್ರದ ಸಂಶೋಧನೆಯ ಮೊದಲ ಹೊಣೆ. ರೂಪಕದ ಆಕರ್ಷಣೆ ಆ ಹೊಣೆಯನ್ನು ಮರೆಸಬಾರದು.