ಟೆಸ್ಟ್‌ಡಿಸ್ಕ್ ಎಂಬ ಆಪದ್ಬಾಂಧವ

2016ರ ಆಗಸ್ಟ್‌ನಲ್ಲಿ ವಿಂಡೋಸ್ 10ರ ಆನಿವರ್ಸರಿ ಅಪ್‌ಡೇಟ್ ಬಂದಾಗ, ಅದೇ ಕಂಪ್ಯೂಟರಿನಲ್ಲಿ ಲಿನಕ್ಸನ್ನೂ ಇಟ್ಟುಕೊಂಡಿದ್ದ ಕೆಲವರು ಲಿನಕ್ಸ್ ಇದ್ದ ಪಾರ್ಟಿಷನ್, ಅಂದರೆ ಡಿಸ್ಕಿನ ಆ ಭಾಗವೇ, ಮಾಯವಾಗಿದೆ ಎಂದು ಗೋಳಾಡಿದರು. ಇಂಥ ಹೊತ್ತಿಗೆ ಕೈಹಿಡಿಯುವುದು ಟೆಸ್ಟ್‌ಡಿಸ್ಕ್. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಬರೆದ ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ.

ಪಾರ್ಟಿಷನ್ ಕಾಣದಾದರೆ ಕಡತಗಳೂ ಹೋದವು ಎಂದೇನಲ್ಲ. ಎಷ್ಟೋ ಸಲ ಕೆಟ್ಟಿರುವುದು, ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟ ಪಟ್ಟಿ ಮಾತ್ರ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಆ ಪಟ್ಟಿಗಿರುವ ಜಾಗ ಬರೀ 64 ಬೈಟ್! ಟೆಸ್ಟ್‌ಡಿಸ್ಕ್ ಅದನ್ನೇ ನಂಬಿ ಕೂರದೆ ಇಡೀ ಡಿಸ್ಕನ್ನು ತಡಕುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಪಾರ್ಟಿಷನ್ನಿನಲ್ಲಿ, ಆರಂಭದಿಂದ 1024 ಬೈಟ್ ದಾಟಿದೊಡನೆ ಸೂಪರ್‌ಬ್ಲಾಕ್ ಸಿಗುತ್ತದೆ. ಗುರುತಿನ ಸಂಖ್ಯೆಯೂ ಗಾತ್ರದ ವಿವರವೂ ಅದರಲ್ಲೇ ಇರುವುದರಿಂದ ಕಳೆದ ಗಡಿಯನ್ನು ಲೆಕ್ಕ ಹಾಕಬಹುದು.

ಕಪ್ಪು ಪರದೆ, ಬಾಣದ ಕೀಲಿಗಳು: ನೋಡಲು ಒರಟು. ಆದರೆ ಸಿಕ್ಕಿದ ಪಾರ್ಟಿಷನ್ ಮೇಲೆ ‘ಪಿ’ ಒತ್ತಿದರೆ ಒಳಗಿನ ಕಡತಗಳ ಹೆಸರುಗಳು ಸಾಲಾಗಿ ಮೂಡುತ್ತವೆ. ಬಳಸುವವರು ‘ರೈಟ್’ ಆರಿಸಿ ಒಪ್ಪುವವರೆಗೂ ಪಟ್ಟಿ ಬದಲಾಗದು. ಈ ಸಂಯಮ ನಿಜಕ್ಕೂ ದೊಡ್ಡದು.

ಪಾರ್ಟಿಷನ್ ಮರಳುವವರೆಗೆ ಆ ಡಿಸ್ಕಿಗೆ ಹೊಸದೇನನ್ನೂ ಬರೆಯಬಾರದು. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದು ಕ್ಷೇಮ. ಪಾರ್ಟಿಷನ್ ಮರಳಿದ ಮೇಲೂ ಬೂಟ್ ಮೆನು ಬಾರದಿದ್ದರೆ, ಅದನ್ನು ತೋರಿಸುವ ಗ್ರಬ್ ತಂತ್ರಾಂಶವನ್ನು ಮತ್ತೆ ಹಾಕಬೇಕಾದೀತು.