ಪೈನ್ ಮರದ ಹಳೆಯ ಡ್ರೆಸ್ಸರು

ಕೆಳಗೆ ಸೆಳೆಖಾನೆಗಳನ್ನೂ ಮೇಲೆ ಪಿಂಗಾಣಿ ತಟ್ಟೆಗಳನ್ನು ಸಾಲಾಗಿ ನಿಲ್ಲಿಸುವ ತೆರೆದ ಹಲಗೆಗಳನ್ನೂ ಧರಿಸಿ, ವೇಲ್ಸ್ ಮತ್ತು ಇಂಗ್ಲೆಂಡಿನ ಗ್ರಾಮಗೃಹಗಳ ಪಾಕಶಾಲೆಯಲ್ಲಿ ತಲೆಮಾರುಗಳ ಕಾಲ ನಿಂತ ಪೈನ್ ಮರದ ಡ್ರೆಸ್ಸರು, ಓಕ್ ಮರದ ಗಾಂಭೀರ್ಯವನ್ನು ಪಡೆಯದಿದ್ದರೂ, ಜೇನಿನ ಬಣ್ಣಕ್ಕೆ ಮಾಗಿದ ಮೈಕಾಂತಿಯಿಂದಲೇ ಮನಸ್ಸನ್ನು ಸೆರೆಹಿಡಿಯುವ ವಸ್ತುವಾಗಿದೆ.

ಕೊಳ್ಳುವವನು ಮೊದಲು ಸೆಳೆಖಾನೆಯನ್ನು ಹೊರಗೆಳೆದು ನೋಡತಕ್ಕದ್ದು. ಪಾರಿವಾಳದ ಬಾಲದಾಕಾರದ ಕೀಲುಗಳು ಒಂದರಂತೆ ಇನ್ನೊಂದಿಲ್ಲದಿದ್ದರೆ, ಅದು ದೋಷವಲ್ಲ, ಕೈಗೆಲಸದ ಹಸ್ತಾಕ್ಷರವೆಂದೇ ಭಾವಿಸಬೇಕು. ಸುಮಾರು 2 ಮಿಲಿಮೀಟರಿನ ದುಂಡು ರಂಧ್ರಗಳಿಂದ ಹೊಸ ಹುಡಿ ಉದುರುತ್ತಿದ್ದರೆ, ಒಳಗೆ ಕೀಟಗಳು ಇನ್ನೂ ಜೀವಂತವಾಗಿರಬಹುದೆಂದು ಎಚ್ಚರಗೊಳ್ಳಬೇಕು. ಸಾಧಾರಣ ಮರವೆಂದು ಹಿಂದಿನವರು ಬಣ್ಣ ಬಳಿದಿದ್ದ ಎಷ್ಟೋ ಡ್ರೆಸ್ಸರುಗಳನ್ನು, 20ನೆಯ ಶತಮಾನದ ಅಭಿರುಚಿಯು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಮುಳುಗಿಸಿ ಬೆತ್ತಲಾಗಿಸಿತು. ಆ ಕ್ಷಾರವು ಅಂಟನ್ನು ಕರಗಿಸಿ ಕೀಲುಗಳನ್ನು ಸಡಿಲಿಸುವುದರಿಂದ, ಮೂಲ ಬಣ್ಣವನ್ನು ಉಳಿಸಿಕೊಂಡಿರುವ ಡ್ರೆಸ್ಸರು ದೊರೆತರೆ ಅದನ್ನು ಕೆರೆಯದೆ ಕಾಪಾಡುವುದೇ ವಿವೇಕ.

ಡ್ರೆಸ್ಸರಿನ ಶುಶ್ರೂಷೆ ಅತಿ ಸರಳವಾದದ್ದು: ನೇರ ಬಿಸಿಲಿನಿಂದಲೂ ಅಗ್ಗಿಷ್ಟಿಕೆಯ ಶಾಖದಿಂದಲೂ ದೂರವಿರಿಸಿ, ವರ್ಷಕ್ಕೊಂದೆರಡು ಬಾರಿ ಜೇನುಮೇಣವನ್ನು ತೆಳುವಾಗಿ ಸವರಿ, ಮೃದುವಸ್ತ್ರದಿಂದ ಉಜ್ಜಿದರೆ ಸಾಕು; ಬಿಗಿಯಾದ ಸೆಳೆಖಾನೆಯ ಜಾರುಪಟ್ಟಿಗೆ ಮೇಣದಬತ್ತಿಯ ತುಣುಕೊಂದೇ ಔಷಧ. ಹೀಗೆ ಸಲಹಿದ ಡ್ರೆಸ್ಸರಿನಲ್ಲಿ, ಅಜ್ಞಾತ ಬಡಗಿಯ ಶ್ರಮವೂ ಅನೇಕ ಗೃಹಿಣಿಯರ ಕರಸ್ಪರ್ಶವೂ ಒಂದಾಗಿ ಬೆಳಗುವುವು.