ಯಕ್ಷರಂಗದ ತೀರ್ಪು ಮತ್ತು ಶಾಲೆಯ ಅಂಗಳ

ಹಕ್ಕುಸ್ವಾಮ್ಯವಿರುವ ಕೃತಿಯನ್ನು ವಿದ್ಯಾಸಂಸ್ಥೆ ಎಲ್ಲಿಯವರೆಗೆ ಬಳಸಬಹುದು? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಕೊಂಡೊಯ್ದದ್ದು ನಮ್ಮ ಉಡುಪಿಯದೇ ಒಂದು ಮೊಕದ್ದಮೆ.

ಶಿವರಾಮ ಕಾರಂತರು ಯಕ್ಷಗಾನದ ಹಾಡು, ಕುಣಿತ, ವೇಷಗಳನ್ನು ಹೊಸದಾಗಿ ಹೊಂದಿಸಿ ‘ಯಕ್ಷರಂಗ’ ಕಟ್ಟಿದರು. 1994ರ ಉಯಿಲಿನಲ್ಲಿ ಕೃತಿಗಳ ಹಕ್ಕನ್ನು ತಮ್ಮ ಸಹಾಯಕಿಯಾಗಿದ್ದ ಮಾಲಿನಿ ಮಲ್ಯರಿಗೆ ಬಿಟ್ಟರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿತು. ತಮ್ಮ ಅನುಮತಿ ಕೇಳಿಲ್ಲವೆಂದು ಮಲ್ಯರು ದಾವೆ ಹೂಡಿದರು. ಕಾರಂತರು ಅಕಾಡೆಮಿಯ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿದ್ದುದರಿಂದ ಹಕ್ಕು ತನ್ನದೆಂಬ ಅದರ ವಾದ ನಿಲ್ಲಲಿಲ್ಲ.

ಸುಪ್ರೀಂ ಕೋರ್ಟಿನ 2009ರ ಜನವರಿಯ ತೀರ್ಪಿನ ಹೆಚ್ಚುಗಾರಿಕೆ ಅದರ ಸಮತೋಲನದಲ್ಲಿದೆ. ಅನುಮತಿಯಿಲ್ಲದೆ ಆಡಬಾರದೆಂಬ ತಡೆಯಾಜ್ಞೆಯನ್ನು ಉಳಿಸಿಕೊಂಡೇ ನ್ಯಾಯಾಲಯ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ವಿನಾಯಿತಿಗಳನ್ನು ನೆನಪಿಸಿತು. ಸಂಶೋಧನೆ, ವಿಮರ್ಶೆಗೆ ಅಡ್ಡಿಯಿಲ್ಲ. ಶಿಕ್ಷಕರು, ವಿದ್ಯಾರ್ಥಿಗಳು ಶಾಲೆಯ ಚಟುವಟಿಕೆಯಾಗಿ ಆಡಬಹುದು. ಹವ್ಯಾಸಿ ಸಂಘವಾದರೆ ಟಿಕೇಟಿಲ್ಲದೆ ಪ್ರದರ್ಶಿಸಬಹುದು. ಕಲೆ ಊರಿನದಾದರೂ ಕಾರಂತರ ರಂಗರೂಪ ಅವರ ದುಡಿಮೆ. ಅದಕ್ಕೆ ಬೆಲೆ ಕೊಟ್ಟದ್ದು ನ್ಯಾಯ.

ಕೊರತೆ ಇರುವುದು ಕಾಯ್ದೆಯಲ್ಲಿ. ಶಾಲೆಯ ಆಟವನ್ನು ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ನೋಡಬೇಕೆಂದು ಅದು ಹೇಳುತ್ತದೆ. ನಮ್ಮ ಕರಾವಳಿಯ ಶಾಲಾ ವಾರ್ಷಿಕೋತ್ಸವಕ್ಕೆ ಇಡೀ ಊರು ಬರುತ್ತದೆ. ಹೂಡೆಯಂಥ ಕಡಲತಡಿಯ ಊರಿನಲ್ಲಿ ಮೈದಾನದ ಆಟಕ್ಕೆ ಬಂದವರಲ್ಲಿ ಪೋಷಕರು ಯಾರು, ನೆರೆಯವರು ಯಾರು ಎಂದು ಬೇರ್ಪಡಿಸುವುದು ಹೇಗೆ? ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನ ತರಗತಿಗಳಲ್ಲಿ ಹೈಸ್ಕೂಲು ಮಕ್ಕಳು ಗೆಜ್ಜೆ ಕಟ್ಟಿ ಕಲಿಯುತ್ತಿದ್ದಾರೆ. ಯಕ್ಷಗಾನದಲ್ಲಿ ಸಭೆಯೆದುರು ನಿಲ್ಲುವುದೂ ಕಲಿಕೆಯೇ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಪ್ರಸಂಗಗಳಿಗೆ ಈ ತೊಡಕಿಲ್ಲ. ಕಾರಂತರ ಕೃತಿಗಳಿಗಾದರೋ ಅವರು ತೀರಿಕೊಂಡ 1997ರಿಂದ ಲೆಕ್ಕ ಹಾಕಿದರೆ 2057ರ ಕೊನೆಯವರೆಗೂ ಹಕ್ಕುಸ್ವಾಮ್ಯ ಇದೆ.

ಪಠ್ಯಸಾಮಗ್ರಿಯ ವಿಷಯದಲ್ಲಿ ನ್ಯಾಯಾಲಯಗಳು ಇನ್ನಷ್ಟು ಉದಾರವಾಗಿವೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪುಸ್ತಕಗಳ ಭಾಗಗಳನ್ನು ಪಾಠಕ್ಕೆಂದು ಜೆರಾಕ್ಸ್ ಮಾಡಿಕೊಟ್ಟ ಪ್ರಕರಣದಲ್ಲಿ, 2016ರಲ್ಲಿ, ಪಾಠಕ್ಕೆ ಎಷ್ಟು ಅಗತ್ಯವೋ ಅಷ್ಟೇ ಅಳತೆಗೋಲು ಎಂದು ಹೈಕೋರ್ಟು ಹೇಳಿತು. ಇಡೀ ಗೈಡನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಊರಿಗೆಲ್ಲ ಹಂಚಲು ಇದು ಪರವಾನಗಿಯಲ್ಲ. ಆದರೆ ಪಾಠದ ಅಗತ್ಯವೆಂಬ ಈ ಅಳತೆಗೋಲು ರಂಗಕ್ಕೂ ಸಲ್ಲಬೇಕು. ಹಣ ಪಡೆಯದೆ, ಕರ್ತೃವಿನ ಹೆಸರು ಹೇಳಿ, ಮಕ್ಕಳು ಊರಿನೆದುರು ಆಡುವ ಆಟವನ್ನು ಸಂಸತ್ತು ಸ್ಪಷ್ಟವಾಗಿ ವಿನಾಯಿತಿಯೊಳಗೆ ತರಬೇಕು. ಅಲ್ಲಿಯವರೆಗೆ ಶಾಲೆಗಳು ಹಕ್ಕುದಾರರಿಗೆ ಒಂದು ಪತ್ರ ಬರೆದು ಕೇಳಲಿ.